ಉಳಿತಾಯ ಅಂದರೆ ಬೆವರುವುದಲ್ಲ

ಸೋದರಿಯರೇ, ಕರೆಂಟು ಉಳಿಸಬೇಕು ಅಂದ ಕೂಡಲೇ ಮನೆಯಲ್ಲಿ ಮೊದಲು ಆರುವುದು ಯಾವುದು ಹೇಳಿ? ನಾವು ಹೆಂಗಸರು ಕೂರುವ ಕಡೆಯ ಫ್ಯಾನು! ನಮ್ಮ ಊರ್ಡಿಗೆರೆಯಲ್ಲೂ ಅದೇ ಕಥೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ, ಎಲ್ಲಿ 200 ಯೂನಿಟ್ ದಾಟೀತೋ ಎಂದು ನಮ್ಮತ್ತೆಯವರು ಬೇಸಿಗೆಯ ರಾತ್ರಿಯಲ್ಲೂ ಬೀಸಣಿಗೆ ಹಿಡಿದರು.

ನನಗೆ ತಡೆಯಲಾಗಲಿಲ್ಲ, ಲೆಕ್ಕ ಹಾಕಿದೆ. 75 ವ್ಯಾಟ್‌ನ ಹಳೇ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನಿಗೆ ಬರೀ 9. ಯುಗಾದಿಗೆ ಅದನ್ನೇ ತಂದೆವು, ಗಾಳಿಗೇನೂ ಕೊರತೆಯಿಲ್ಲ.

2023ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಚೀಟಿ ಕಡ್ಡಾಯ. ಕೊಳ್ಳುವಾಗ ಕೇಳಿ ನೋಡಿ. ಫ್ರಿಜ್ ಆದರೆ ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ; ವರ್ಷಕ್ಕೆ ಎಷ್ಟು ಯೂನಿಟ್ ಎಂಬುದನ್ನೂ ಓದಿ.

ಇದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ತೆರೆದಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ದವರು 1980ರ ದಶಕದಲ್ಲಿ ಅಸ್ತ್ರ ಒಲೆ ಕೊಟ್ಟರಲ್ಲ, ಅದರಲ್ಲಿ ಸೌದೆ ಕಡಿಮೆ, ಹೊಗೆ ಚಿಮಣಿಯಿಂದ ಆಚೆಗೆ. ಮುದ್ದೆ ಕಡಿಮೆ ಬೇಯಿಸಿ ಅನ್ನಲಿಲ್ಲ ಅವರು, ಒಲೆ ಬದಲಾಯಿಸಿದರು. ನಾವೂ ಬದಲಾಯಿಸಬೇಕಾದ್ದು ಯಂತ್ರವನ್ನೇ ಹೊರತು ನಮ್ಮ ನಿದ್ದೆಯನ್ನಲ್ಲ, ಅಲ್ಲವೇ?