ಒಂದೇ ಸಮನೆ ಸುತ್ತಲಿ

ಚಳಿಗಾಲ ಬಂತೆಂದರೆ ಮನೆಯ ಸೀಲಿಂಗ್ ಫ್ಯಾನ್‌ಗಳೆಲ್ಲ ನಿಲ್ಲುತ್ತವೆ, ಮೇಜಿನ ಕೆಳಗಿರುವ ಕಂಪ್ಯೂಟರಿನ ದನಿ ಕಿವಿಗೆ ಬೀಳತೊಡಗುತ್ತದೆ. ಬೇಸಿಗೆಯಲ್ಲೂ ಆ ದನಿ ಇತ್ತು, ಆದರೆ ತಲೆಯ ಮೇಲಿನ ಫ್ಯಾನ್ ಅದನ್ನು ಮುಚ್ಚಿಹಾಕಿತ್ತು. ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಕೂತವನು ಪತ್ರಿಕೆಯೊಂದರ ಪುಟ ತೆರೆದೆ. ಕೆಳಗಿನಿಂದ ಭರ್ರೆಂದು ದನಿ ಏರಿತು. ಒಂದು ಗುಟುಕು ಕುಡಿಯುವಷ್ಟರಲ್ಲಿ ಇಳಿಯಿತು. ಇನ್ನೊಂದು ಪುಟಕ್ಕೆ ಹೋದೆ. ಮತ್ತೆ ಏರಿತು, ಮತ್ತೆ ಇಳಿಯಿತು. ಓದಿದ ಒಂದು ಸಾಲೂ ತಲೆಗೆ ಹತ್ತಲಿಲ್ಲ. ಮುಂದಿನ ಸಲ ಯಾವಾಗ ಏರುತ್ತದೋ ಎಂದು ಕಿವಿ ಕಾದು ಕೂತುಬಿಟ್ಟಿತ್ತು.

ದನಿ ಜೋರಾಗಿತ್ತು ಎಂಬುದು ನನ್ನ ತಕರಾರಲ್ಲ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಚಟ್ನಿ ರುಬ್ಬುತ್ತಿತ್ತು. ಕಂಪ್ಯೂಟರಿಗಿಂತ ಎಷ್ಟೋ ಪಟ್ಟು ದೊಡ್ಡ ಸದ್ದು ಅದು. ಅದರ ಪಾಡಿಗೆ ಅದು ರುಬ್ಬಿತು, ನಿಂತಿತು, ನನಗೇನೂ ಅನ್ನಿಸಲಿಲ್ಲ. ಸಿಟ್ಟು ಬಂದದ್ದು ಮೇಜಿನ ಕೆಳಗಿನ ಆ ಏರಿಳಿತದ ಮೇಲೆ.

ಈ ವಿಷಯ ಎತ್ತಿದೊಡನೆ ಎಲ್ಲರೂ ಹೇಳುವ ಮಾತುಗಳಿವೆ. ಧೂಳು ತೆಗೆಯಿರಿ, ಪೆಟ್ಟಿಗೆಯನ್ನು ಗೋಡೆಗೆ ಒತ್ತರಿಸಿ ಇಡಬೇಡಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಿ. ಎಲ್ಲವೂ ಸರಿ, ಎಲ್ಲವನ್ನೂ ಮಾಡಬೇಕು. ರಸ್ತೆ ಬದಿಯ ಮನೆಗಳಲ್ಲಂತೂ ಬಿಸಿ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಧೂಳು ಹೆಪ್ಪುಗಟ್ಟಿ ಗಾಳಿಗೆ ದಾರಿಯೇ ಇರುವುದಿಲ್ಲ. ಒಂದು ಬೆರಳಿನಿಂದ ಫ್ಯಾನ್ ತಿರುಗದಂತೆ ಹಿಡಿದುಕೊಂಡು, ಬಣ್ಣ ಬಳಿಯುವ ಸಣ್ಣ ಬ್ರಷ್‌ನಿಂದ ರೆಕ್ಕೆಯ ಸಂದಿಗಳನ್ನು ಗುಡಿಸಿದರೆ ಅರ್ಧ ಕೆಲಸ ಮುಗಿಯಿತು. ಆದರೆ ನಾನು ಹೇಳುತ್ತಿರುವ ಏರಿಳಿತ ಅದರಿಂದ ಹೋಗುವುದಿಲ್ಲ. ಹೊಚ್ಚಹೊಸ ಯಂತ್ರದಲ್ಲೂ ಅದು ಇರುತ್ತದೆ.

ಅದರ ಕಾರಣ ಬೇರೆ ಕಡೆ ಇದೆ. ಬಿಸಿ ಹುಟ್ಟುವುದು ಬೆರಳಿನ ಉಗುರಿನಷ್ಟಗಲದ ಸಿಲಿಕಾನ್ ಚೂರಿನಲ್ಲಿ, ಅಂದರೆ ಪ್ರೊಸೆಸರ್ ಚಿಪ್ಪಿನಲ್ಲಿ. ಅಷ್ಟು ಸಣ್ಣ ಚೂರಿಗೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಏನೇನೂ ಇಲ್ಲ. ಒಂದು ಪುಟ ತೆರೆದ ಕ್ಷಣದಲ್ಲೇ ಅದರೊಳಗಿನ ಸೆನ್ಸರ್ 45 ಡಿಗ್ರಿಯಿಂದ 65ಕ್ಕೆ ನೆಗೆಯುತ್ತದೆ, ಪುಟ ತೆರೆದು ಮುಗಿದೊಡನೆ ಅಷ್ಟೇ ಬೇಗ ಕೆಳಗೆ ಬರುತ್ತದೆ. ಅದರ ಮೇಲೆ ಕೂತಿರುವ ಹೀಟ್‌ಸಿಂಕಿನ ಕಥೆಯೇ ಬೇರೆ. ತಾಮ್ರದ ಕೊಳವೆ, ಅಲ್ಯೂಮಿನಿಯಂ ರೆಕ್ಕೆ ಎಲ್ಲ ಸೇರಿ ಅರ್ಧ ಕಿಲೋ, ಮುಕ್ಕಾಲು ಕಿಲೋ ತೂಗುವ ಲೋಹ ಅದು. ನಾಲ್ಕು ಡಿಗ್ರಿ ಬಿಸಿಯಾಗುವುದಕ್ಕೂ ಹೊತ್ತು ಹಿಡಿಯುತ್ತದೆ. ಫ್ಯಾನ್ ಊದುವುದು ಈ ಲೋಹದ ಮೇಲೆ, ಚಿಪ್ಪಿನ ಮೇಲಲ್ಲ. ಆದರೆ ಮದರ್‌ಬೋರ್ಡ್ ಫ್ಯಾನನ್ನು ಓಡಿಸುವುದು ಚಿಪ್ಪಿನ ಲೆಕ್ಕ ನೋಡಿಕೊಂಡು. ಲೋಹ ಇನ್ನೂ ಬೆಚ್ಚಗೂ ಆಗಿರುವುದಿಲ್ಲ, ಫ್ಯಾನ್ ಆಗಲೇ ಓಟ ಕಿತ್ತಿರುತ್ತದೆ. ಫ್ಯಾನ್ ವೇಗ ಹಿಡಿಯುವ ಹೊತ್ತಿಗೆ ಚಿಪ್ಪಿನ ಕೆಲಸವೇ ಮುಗಿದಿರುತ್ತದೆ. ಅಷ್ಟು ಸದ್ದಿನಿಂದ ಯಾರಿಗೂ ಕಿಂಚಿತ್ತೂ ಲಾಭವಿಲ್ಲ. ಯಂತ್ರ ತಣ್ಣಗಾಗಲಿಲ್ಲ, ನನ್ನ ಓದು ಕೆಟ್ಟಿತು.

ಇದಕ್ಕೆ ಮೂಲ ಭಯ. 60 ಡಿಗ್ರಿ ದಾಟಿದರೆ ಏನೋ ಸುಟ್ಟುಹೋಗುತ್ತದೆ ಎಂಬ ಭಯ. ಎಎಂಡಿ ಕಂಪನಿ 2022ರಲ್ಲಿ ತಂದ ರೈಜನ್ 7000 ಸಾಲಿನ ಬಹಳಷ್ಟು ಪ್ರೊಸೆಸರ್‌ಗಳಿಗೆ ಅದೇ ಇಟ್ಟಿರುವ ಮಿತಿ 95 ಡಿಗ್ರಿ. ಇಂಟೆಲ್‌ನ ಎಷ್ಟೋ ಪ್ರೊಸೆಸರ್‌ಗಳಿಗೆ ಅದು 100. ಮಿತಿ ಮುಟ್ಟಿದರೆ ಚಿಪ್ಪು ತಾನೇ ತನ್ನ ವೇಗ ತಗ್ಗಿಸಿಕೊಂಡು ಕಾಪಾಡಿಕೊಳ್ಳುತ್ತದೆ. ಕಟ್ಟಿದವರೇ ಇಷ್ಟು ಧೈರ್ಯ ಕೊಟ್ಟಿರುವಾಗ 70 ಡಿಗ್ರಿಗೆ ನಾವು ಗಾಬರಿಯಾಗಬೇಕಿಲ್ಲ. ಕೆಲಸ ಮಾಡುವ ಯಂತ್ರ ಬಿಸಿಯಾಗಲಿ ಬಿಡಿ.

ಹಾಗೆಂದು ಫ್ಯಾನೇ ಬೇಡ ಎನ್ನುವ ಪಂಗಡಕ್ಕೂ ನಾನು ಸೇರಿದವನಲ್ಲ. ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಸದ್ದು ಕಂಡರಾಗುತ್ತಿರಲಿಲ್ಲ. 2000ದಲ್ಲಿ ಅವರ ಆಪಲ್ ಕಂಪನಿ ಹೊರತಂದ ಕಂಪ್ಯೂಟರ್ ಜಿ4 ಕ್ಯೂಬ್‌ನಲ್ಲಿ ಫ್ಯಾನ್ ಇರಲಿಲ್ಲ. ಒಳಗಿನ ಬಿಸಿಗಾಳಿ ತಾನಾಗಿ ಮೇಲೇರಿ ನೆತ್ತಿಯ ಕಂಡಿಗಳಿಂದ ಹೊರಗೆ ಹೋಗುತ್ತಿತ್ತು. ನೋಡಲು ಎಷ್ಟು ಚಂದದ ಯಂತ್ರ ಅದು! ಮರುವರ್ಷವೇ ಅದರ ತಯಾರಿಕೆ ನಿಂತಿತು. ಅದಕ್ಕೆ ಬೆಲೆಯಂಥ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ಪೂರಾ ಮೌನಕ್ಕೆ ಹಟ ಹಿಡಿದರೆ ಯಂತ್ರದ ಕೈಕಾಲು ಕಟ್ಟಿದಂತಾಗುತ್ತದೆ. ಫ್ಯಾನ್ ಇರಬೇಕು. ದೊಡ್ಡದಾಗಿರಬೇಕು, ನಿಧಾನವಾಗಿ ಸುತ್ತಬೇಕು.

ಲೆಕ್ಕವೂ ಇದನ್ನೇ ಹೇಳುತ್ತದೆ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಸುಮಾರು ಅರ್ಧವಾಗುತ್ತದೆ, ಸದ್ದು ಮಾತ್ರ ಹತ್ತಿರ ಹತ್ತಿರ 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಕಡಿಮೆಯಾದ ಗಾಳಿಗೆ ಅಂಥದ್ದೇ ಇನ್ನೊಂದು ಫ್ಯಾನ್ ಹಾಕಿದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬೆಲ್. ಹಾಗಾಗಿ 80 ಮಿಲಿಮೀಟರಿನ ಒಂದು ಫ್ಯಾನ್ ಜೀವ ಬಿಟ್ಟುಕೊಂಡು ಓಡುವುದಕ್ಕಿಂತ 120ರ ಎರಡು ಫ್ಯಾನ್ ಆರಾಮಾಗಿ ಸುತ್ತುವುದು ಲೇಸು. ಆಸ್ಟ್ರಿಯಾದ ನಾಕ್ಟುವಾ ಕಂಪನಿಯವರು ಇಂಥದ್ದೊಂದು ಫ್ಯಾನಿನಲ್ಲಿ ರೆಕ್ಕೆಯ ತುದಿಗೂ ಸುತ್ತಲಿನ ಚೌಕಟ್ಟಿಗೂ ಅರ್ಧ ಮಿಲಿಮೀಟರ್ ಸಂದಿಯಷ್ಟೇ ಬಿಟ್ಟಿದ್ದಾರೆ. ಆ ಸಂದಿಯಿಂದ ಗಾಳಿ ಹಿಂದಕ್ಕೆ ನುಸುಳದಿದ್ದರೆ ಕಡಿಮೆ ವೇಗದಲ್ಲೇ ಕೆಲಸ ಆಗುತ್ತದಲ್ಲ! ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಫ್ಯಾನ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಸಾರ್, ಲೈಟ್ ಇರೋದಾ, ಇಲ್ಲದೇ ಇರೋದಾ?" ಎಂದು. ಬೇರಿಂಗ್ ಎಂಥದ್ದು, ಎಷ್ಟು ನಿಧಾನಕ್ಕೆ ಸುತ್ತಬಲ್ಲದು ಎಂದು ಕೇಳುವ ಗಿರಾಕಿಗಳು ಹೆಚ್ಚಾಗಬೇಕು. ಆಗ ಅಂಗಡಿಯವರೂ ಅದನ್ನೇ ಮೊದಲು ಹೇಳುತ್ತಾರೆ.

ದೊಡ್ಡ ಫ್ಯಾನ್ ಹಾಕಿಯೂ ಏರಿಳಿತ ಬಿಡದಿದ್ದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯಾಸ್‌ನೊಳಗೆ ಹೋಗಬೇಕು. ಅಲ್ಲೊಂದು ಗೆರೆ ಇರುತ್ತದೆ, ಇಷ್ಟು ಬಿಸಿಗೆ ಇಷ್ಟು ವೇಗ ಎಂದು. ಕಾರ್ಖಾನೆಯಿಂದ ಬಂದ ಗೆರೆ ಸಾಮಾನ್ಯವಾಗಿ 40 ಡಿಗ್ರಿಯಿಂದಲೇ ಏರುತ್ತಾ ಹೋಗುತ್ತದೆ. ನಾನು ಅದನ್ನು ಹಿಡಿದು ಮಲಗಿಸುತ್ತೇನೆ. 70 ಡಿಗ್ರಿವರೆಗೂ ನಿಮಿಷಕ್ಕೆ 800 ಸುತ್ತು, ಅಡ್ಡಕ್ಕೆ ಎಳೆದ ನೇರ ಗೆರೆ. ಅಲ್ಲಿಂದ 85ರವರೆಗೆ ನಿಧಾನದ ಏರು, 90ಕ್ಕೆ ಪೂರ್ತಿ. ವೇಗ ಬದಲಿಸುವ ಮುಂಚೆ ಕೆಲವು ಸೆಕೆಂಡ್ ಕಾಯಲು ಹೇಳುವ ಅವಕಾಶವೂ ಹೆಚ್ಚಿನ ಬೋರ್ಡ್‌ಗಳಲ್ಲಿ ಇದೆ. ಅದನ್ನು ಕೊಡುವಷ್ಟು ಕೊಟ್ಟುಬಿಡಬೇಕು. ದೊಡ್ಡ ವಿಡಿಯೋ ಕೆಲಸ ಹಚ್ಚಿದರೆ ಫ್ಯಾನ್ ಏರುತ್ತದೆ, ಏರಿದ್ದು ಕೆಲಸ ಮುಗಿಯುವವರೆಗೂ ಅಲ್ಲೇ ನಿಲ್ಲುತ್ತದೆ. ಅದನ್ನು ಕಿವಿ ಒಪ್ಪಿಕೊಳ್ಳುತ್ತದೆ.

ಕಿವಿ ಹೀಗೆ ಒಪ್ಪಿಕೊಳ್ಳುವುದನ್ನು ನಾನು ಮೊದಲು ಕಂಡದ್ದು ತಂಬೂರಿಯಲ್ಲಿ. ನಮ್ಮ ಸೋದರತ್ತೆ ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ಪಾಠಕ್ಕೆ ಮುಂಚೆ ತಂಬೂರಿ ಶ್ರುತಿ ಮಾಡುವುದೇ ಒಂದು ದೊಡ್ಡ ಕೆಲಸ. ನಡುವಿನ ಎರಡು ತಂತಿಗಳು ಒಂದೇ ಷಡ್ಜಕ್ಕೆ ನಿಲ್ಲಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ದನಿ 'ವಂವ್ ವಂವ್' ಎಂದು ತೂಗಾಡುತ್ತಿತ್ತು. ಅತ್ತೆ ಕಣ್ಣು ಮುಚ್ಚಿ, ತಂತಿಯ ಕೆಳಗಿನ ಮಣಿಯನ್ನು ಇಷ್ಟಿಷ್ಟೇ ಸರಿಸುತ್ತಾ ಆ ತೂಗಾಟ ನಿಲ್ಲುವವರೆಗೆ ಬಿಡುತ್ತಿರಲಿಲ್ಲ. ಆಮೇಲೂ ಹಾಡಲು ಬಿಡುತ್ತಿರಲಿಲ್ಲ. "ಬಾಯಿ ತೆಗೀಬೇಡಿ, ಮೊದಲು ಕೇಳಿಸ್ಕೊಳ್ಳಿ" ಎನ್ನುತ್ತಿದ್ದರು. ಕೇಳುತ್ತಾ ಕೇಳುತ್ತಾ ತಂಬೂರಿ ಕೇಳಿಸುವುದೇ ನಿಂತುಹೋಗುತ್ತಿತ್ತು, ಅದರ ಮೇಲೆ ಹಾಡು ಬಂದು ಕೂರುತ್ತಿತ್ತು. ಸಿ.ವಿ. ರಾಮನ್ 1921ರಲ್ಲೇ ತಂಬೂರಿ, ವೀಣೆಗಳ ಮೇಲೆ ಒಂದು ಲೇಖನ ಬರೆದಿದ್ದಾರೆ. ತಂತಿಯನ್ನು ಮೀಟಿದ ಜಾಗದಿಂದಾಗಿ ಹುಟ್ಟಲೇಬಾರದಾಗಿದ್ದ ಉಪಸ್ವರಗಳೂ ಈ ವಾದ್ಯಗಳಲ್ಲಿ ಹುಟ್ಟುತ್ತವೆ, ಅದಕ್ಕೆ ಕಾರಣ ತಂತಿಗಳನ್ನು ಹೊರುವ ಅವುಗಳ ಕುದುರೆಯ ಬಾಗು ಎಂದು ತೋರಿಸಿದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಹತ್ತಿಯ ಎಳೆಗೆ ಎಂಥ ಶಕ್ತಿ! ಎಳೆ ಒಂದಿಷ್ಟು ಸರಿದರೆ ನಾದ ಸತ್ತುಹೋಗುತ್ತದೆ, ಜಾಗಕ್ಕೆ ಬಂದರೆ ಕೋಣೆಯೆಲ್ಲ ತುಂಬುತ್ತದೆ.

ಕಂಪ್ಯೂಟರಿನ ಎರಡು ಫ್ಯಾನುಗಳಲ್ಲೂ ಅತ್ತೆಯ ಆ ತೂಗಾಟ ಕೇಳಿಸುತ್ತದೆ. ಏಳು ರೆಕ್ಕೆಯ ಫ್ಯಾನ್ ನಿಮಿಷಕ್ಕೆ 840 ಸುತ್ತಿದರೆ ಸೆಕೆಂಡಿಗೆ 98 ಸಲ ರೆಕ್ಕೆ ಹಾಯುತ್ತದೆ. ಪಕ್ಕದ್ದು 825 ಸುತ್ತಿದರೆ 96ಕ್ಕಿಂತ ಸ್ವಲ್ಪ ಹೆಚ್ಚು. ಎರಡೂ ಕೂಡಿದಾಗ ಸೆಕೆಂಡಿಗೆ ಸುಮಾರು ಎರಡು ಸಲ ದನಿ ಉಬ್ಬಿ ಇಳಿಯುತ್ತದೆ. ಒಂದೊಂದೇ ಕೇಳಿದರೆ ಎರಡೂ ಸಾಧುಗಳು, ಜೊತೆಗೂಡಿದರೆ ತಲೆನೋವು. ಒಂದನ್ನು 750ಕ್ಕೆ ಇಳಿಸಿದರೆ ತೂಗಾಟ ಮಾಯ. ಬಯಾಸ್‌ನ ಮುಂದೆ ಕೂತು ಕಿವಿಗೊಟ್ಟು ಇದನ್ನು ಸರಿ ಮಾಡುವುದರಲ್ಲಿ ನನಗೆ ನಿಜವಾದ ಖುಷಿ ಇದೆ.

ಫ್ಯಾನನ್ನು ಇಷ್ಟು ನಿಧಾನಕ್ಕೆ ಓಡಿಸುವ ಮಾತಿಗೆ ಕಲಬುರಗಿಯ ಗೆಳೆಯರೊಬ್ಬರು ಒಪ್ಪುವುದಿಲ್ಲ. "ನಿಮ್ಮ ಬೆಂಗಳೂರಿನಾಗ ನಡೀತದ್ರಿ. ಮೇ ತಿಂಗಳಾಗ ಇಲ್ಲಿ ಬಂದು ನೋಡ್ರಿ" ಎನ್ನುತ್ತಾರೆ. ಅವರದ್ದು ನ್ಯಾಯವಾದ ಮಾತು. ಕೋಣೆ 12 ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ಬಿಸಿಯಾಗುತ್ತದೆ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಣ್ಣಗಿನ ಗಾಳಿಯನ್ನು ತಂದುಕೊಡಲಾರದು. ಅಲ್ಲಿ ಗೆರೆಯನ್ನು ಇನ್ನೂರು ಮುನ್ನೂರು ಸುತ್ತು ಮೇಲಕ್ಕೆ ಎತ್ತಬೇಕು. ಎತ್ತಿದರೂ ಅದು ಅಡ್ಡಗೆರೆಯಾಗೇ ಇರಲಿ ಎನ್ನುತ್ತೇನೆ ನಾನು. ಹೇಗೂ ಆ ದಿನಗಳಲ್ಲಿ ಅವರ ಮನೆಯಲ್ಲಿ ಕೂಲರ್, ಸೀಲಿಂಗ್ ಫ್ಯಾನ್ ಹಗಲಿರುಳೂ ಓಡುತ್ತಿರುತ್ತವೆ, ಕಂಪ್ಯೂಟರಿನ ದನಿ ಅದರಲ್ಲಿ ಮುಳುಗಿಹೋಗುತ್ತದೆ.

ಸೀಲಿಂಗ್ ಫ್ಯಾನ್ ಎಂದಾಗ ರೆಗ್ಯುಲೇಟರಿನ ವಿಷಯ ಹೇಳಲೇಬೇಕು. ಕಂಪ್ಯೂಟರಿನ ನಾಲ್ಕು ಪಿನ್ ಫ್ಯಾನಿಗೆ ಮದರ್‌ಬೋರ್ಡ್ ಸೆಕೆಂಡಿಗೆ 25,000 ಸಲ ಕತ್ತರಿಸಿದ ಸಂಕೇತ ಕಳಿಸಿ ವೇಗ ಹಿಡಿತದಲ್ಲಿಡುತ್ತದೆ. 25,000 ಯಾಕೆಂದರೆ ಮನುಷ್ಯನ ಕಿವಿ 20,000ಕ್ಕಿಂತ ಮೇಲೆ ಕೇಳಿಸಿಕೊಳ್ಳಲಾರದು. ಯಾರೋ ಪುಣ್ಯಾತ್ಮರು ಕೂತು ನಮ್ಮ ಕಿವಿಯ ಬಗ್ಗೆ ಯೋಚನೆ ಮಾಡಿದ್ದಾರೆ. ಮನೆಯ ಗೋಡೆಯ ಮೇಲಿನ ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕೂಡ ಕರೆಂಟನ್ನು ಕತ್ತರಿಸಿಯೇ ಕೊಡುತ್ತದೆ, ಆದರೆ ಸೆಕೆಂಡಿಗೆ 100 ಸಲ. ಅದು ಸರಿಯಾಗಿ ನಮ್ಮ ಕಿವಿಯೊಳಗೇ ಬಂದು ಕೂರುವ ದನಿ. ರಾತ್ರಿ ಫ್ಯಾನ್ ಎರಡಕ್ಕೆ ಇಟ್ಟು ಮಲಗಿದರೆ ಮೋಟರ್ 'ಗುಂಯ್' ಎನ್ನುವುದು ಅದಕ್ಕೇ. ಟಕ್ ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ, ಒಳಗೆ ಕೆಪಾಸಿಟರ್ ಇರುವ ರೆಗ್ಯುಲೇಟರ್ ಹೀಗೆ ಕತ್ತರಿಸುವುದಿಲ್ಲ, ಅದರಲ್ಲಿ ಆ ಗುಂಯ್ ಇಲ್ಲ.

ಮೊನ್ನೆ ನಡುಮನೆಯ ರೆಗ್ಯುಲೇಟರ್ ಕೆಟ್ಟಿತು. ಎಲೆಕ್ಟ್ರಿಷಿಯನ್ ನುಣ್ಣಗೆ ತಿರುಗುವುದನ್ನೇ ತಂದಿದ್ದ. ಸ್ಟೆಪ್ ಟೈಪ್ ಬೇಕಪ್ಪಾ ಎಂದೆ. "ಅದೂ ಫ್ಯಾನ್ ತಿರುಗಿಸುತ್ತೆ, ಇದೂ ತಿರುಗಿಸುತ್ತೆ ಸಾರ್. ಇದಾದ್ರೆ ಕೈಲೇ ಇದೆ, ಈಗ್ಲೇ ಹಾಕ್ಬಿಡ್ತೀನಿ" ಎಂದ. ಮಲಗುವ ಕೋಣೆಗೆ ಕರೆದುಕೊಂಡು ಹೋಗಿ, ಅಲ್ಲಿರುವ ನುಣ್ಣನೆಯದನ್ನು ಎರಡಕ್ಕೆ ಇಟ್ಟು, ಮಂಚದ ಮೇಲೆ ಹತ್ತಿ ನಿಂತು ಕಿವಿಗೊಡು ಎಂದೆ. ಹತ್ತಿದ, ಕೇಳಿದ. ಇಳಿದು, ಸೈಕಲ್ ತೆಗೆದುಕೊಂಡು ಅಂಗಡಿಗೆ ಹೋದ. ಬರುವಾಗ ಸ್ಟೆಪ್ ಟೈಪಿನದು ಎರಡು ತಂದ, ಮಲಗುವ ಕೋಣೆಗೂ ಇರಲಿ ಎಂದು.