ನಾವು ನೋಡಿದ್ದು, ಅಮ್ಮ ಕೇಳಿದ್ದು

ಸಂಘದ ಸಮಾರಂಭಗಳಲ್ಲಿ ಊಟದ ಪಂಕ್ತಿಗೆ ಕುಳಿತಾಗ ಹಿಂದೆಲ್ಲ "ಊರಲ್ಲಿ ಮಳೆ ಹೇಗಂತೆ?" ಎಂದು ವಿಚಾರಿಸುವ ವಾಡಿಕೆಯಿತ್ತು. ಈಗ ಆ ಪ್ರಶ್ನೆಯ ಸ್ಥಾನವನ್ನು ಇನ್ನೊಂದು ಆಕ್ರಮಿಸಿಕೊಂಡಿದೆ. "ಈಚೆಗೆ ಏನು ನೋಡಿದಿರಿ? ನೋಡುವಂಥದ್ದು ಏನಾದರೂ ಇದ್ದರೆ ಹೇಳಿ." ಎಲೆಗೆ ಕೋಸಂಬರಿ ಬೀಳುವುದರೊಳಗೆ ಎಡಗಡೆಯವರು ಮೂರು ಹೆಸರು ಹೇಳಿರುತ್ತಾರೆ. ಪಾಯಸ ಬರುವ ಹೊತ್ತಿಗೆ ಬಲಗಡೆಯವರು ಆ ಮೂರೂ ಶುದ್ಧ ದಂಡವೆಂದು ತೀರ್ಪು ಕೊಟ್ಟಿರುತ್ತಾರೆ. ನಮ್ಮನ್ನು ಕೇಳಿದರೆ ಮಾತ್ರ ನಾವು ಥಟ್ಟನೆ ಉತ್ತರ ಕೊಡಲಾರೆವು. ಏಕೆಂದರೆ ನಮ್ಮ ಮನೆಯಲ್ಲಿ ಟೀವಿಯನ್ನು ನೋಡುವುದಕ್ಕಿಂತ ಹೇಳುವುದೇ ಹೆಚ್ಚು. ಇದೇನು ಒಗಟು ಎನ್ನುತ್ತೀರೋ? ವಿವರಿಸುತ್ತೇವೆ.

ನಮ್ಮ ತಾಯಿಗೆ ಈಗ ಎಂಬತ್ತೊಂದು. ತೀರ್ಥಹಳ್ಳಿಯ ಕಡೆಯವರು. ತಂದೆಯವರು ತೀರಿಕೊಂಡ ಮೇಲೆ ಡೊಂಬಿವಲಿಯ ನಮ್ಮ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದವರು, "ಮೊರದ ನಡುವೆ ಎಂತದೋ ಕಪ್ಪಗೆ ಕೂತಿದೆ, ತೆಗೆದರೂ ಹೋಗುವುದಿಲ್ಲವಲ್ಲ" ಎಂದರು. ನಾವು ಹೋಗಿ ನೋಡಿದೆವು. ಮೊರದಲ್ಲಿ ಅಕ್ಕಿಯಲ್ಲದೆ ಬೇರೇನೂ ಇರಲಿಲ್ಲ.

ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿದರು. ಪೊರೆಯಾಗಿದ್ದರೆ ತೆಗೆದುಬಿಡಬಹುದಿತ್ತು. ಇದು ಪೊರೆಯಲ್ಲ, ಅಕ್ಷಿಪಟಲದ ನಡುಭಾಗ ವಯಸ್ಸಿನಿಂದ ಸವೆಯುತ್ತಿರುವುದು. ಈ ಕಾಯಿಲೆಯಲ್ಲಿ ಸುತ್ತಲಿನ ದೃಷ್ಟಿ ಉಳಿಯುತ್ತದೆ, ನಡುವಿನದು ಹೋಗುತ್ತದೆ. ಬಾಗಿಲ ಚೌಕಟ್ಟು ಕಾಣುತ್ತದೆ, ಅದರೊಳಗೆ ಬಂದು ನಿಂತವರು ಯಾರೆಂದು ತಿಳಿಯುವುದಿಲ್ಲ. ಡಾಕ್ಟರು ನಮ್ಮನ್ನು ಹೊರಗೆ ಕರೆದು, ಹೋದದ್ದು ಇನ್ನು ಮರಳಿ ಬಾರದು ಎಂದರು. ನಾವು ಒಳಗೆ ಹೋಗಿ ಅಮ್ಮನಿಗೆ, "ಗುಳಿಗೆ ತೆಗೆದುಕೊಳ್ಳಬೇಕಂತೆ, ನಿಧಾನವಾಗಿ ಸರಿಹೋಗುತ್ತದಂತೆ" ಎಂದೆವು. ಅಮ್ಮ "ಆಯಿತು" ಎಂದರು. ಆ ವಿಷಯ ಅಲ್ಲಿಗೆ ನಿಂತಿತು.

ಆದರೆ ಸಂಜೆಯ ಹೊತ್ತು ನಿಲ್ಲಬೇಕಲ್ಲ! ಓದುವುದು ಹೋಯಿತು, ಹೂ ಕಟ್ಟುವುದು ಬೆರಳ ಅಂದಾಜಿನ ಮೇಲೆ ನಡೆಯಿತು. ಟೀವಿಯ ಮುಂದೆ ಅಮ್ಮ ಕತ್ತನ್ನು ಓರೆ ಮಾಡಿ, ಕಣ್ಣಂಚಿನಿಂದ ನೋಡಲು ಯತ್ನಿಸಿ, ಐದು ನಿಮಿಷದಲ್ಲಿ ದಣಿದು "ಎಂತ ಆಗ್ತಿದೆ ಈಗ?" ಎಂದು ಕೇಳುವರು. ಹೀಗೆ ನಮ್ಮ ಮನೆಯಲ್ಲಿ ಸಂಜಯನ ಹುದ್ದೆಯೊಂದು ಸೃಷ್ಟಿಯಾಯಿತು. ಮೊದಮೊದಲು ಅದನ್ನು ನಮ್ಮಾಕೆ ವಹಿಸಿಕೊಂಡಳು. ಅವಳು ಒಲೆಯ ಮೇಲೆ ಹಾಲಿಟ್ಟು ಬಂದಿರುತ್ತಿದ್ದಳಾದ್ದರಿಂದ ಕುರುಕ್ಷೇತ್ರದ ವರದಿ ಅರ್ಧಕ್ಕೇ ನಿಲ್ಲುತ್ತಿತ್ತು. ನಾವು ವಹಿಸಿಕೊಂಡೆವು. ನಮ್ಮದು ಸರ್ಕಾರಿ ಕಡತದ ವರದಿಯಂತಿದೆಯೆಂದು ಅಮ್ಮನೇ ತಳ್ಳಿಹಾಕಿದರು. ಕೊನೆಗೆ ಹನ್ನೆರಡು ವರ್ಷದ ನಮ್ಮ ಮಗನಿಗೆ ಆ ಕೆಲಸ ಬಿತ್ತು. ಅವನು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ಕನ್ನಡ ಅವನಿಗೆ ಅಜ್ಜಿಯ ಜೊತೆಗೆ ಮಾತ್ರ, ಅದೂ ಊಟ ತಿಂಡಿಯ ಮಟ್ಟಿಗೆ.

ದಿನನಿತ್ಯದ ಧಾರಾವಾಹಿಗಳಿಗೆ ಈ ಸಂಜಯ ಬೇಕಾಗುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ಅಲ್ಲಿ ಅತ್ತೆ ಬಂದರೆ ಒಂದು ವಾದ್ಯ, ಸೊಸೆ ಬಂದರೆ ಇನ್ನೊಂದು. ಆದದ್ದನ್ನು ಮೂರು ಜನ ಮೂರು ಸಲ ಹೇಳುತ್ತಾರೆ, ಮರುದಿನ ನಾಲ್ಕನೆಯ ಸಲ ತೋರಿಸುತ್ತಾರೆ. ಆದರೂ ಅಮ್ಮನಿಗೆ ಅವು ರುಚಿಸಲಿಲ್ಲ. "ಇವರು ಮನೆಯಲ್ಲಿ ಅಡುಗೆ ಯಾವಾಗ ಮಾಡುತ್ತಾರೆ?" ಎಂದು ಕೇಳಿ ಎದ್ದುಬಿಟ್ಟರು. ಆದ್ದರಿಂದ ಕೆಳಗಿನ ಶಿಫಾರಸುಗಳೆಲ್ಲ ಒಂದೇ ಪರೀಕ್ಷೆಯಲ್ಲಿ ತೇರ್ಗಡೆಯಾದವು. ಕಣ್ಣಿದ್ದವರು ಬಾಯಲ್ಲಿ ಹೇಳಿದರೂ ಕಳೆಗುಂದದಂಥವು.

ಮೊದಲನೆಯದು 'ಪಂಚಾಯತ್'. 2020ರಲ್ಲಿ ಅಮೆಜಾನ್ ಪ್ರೈಮಿನಲ್ಲಿ ಆರಂಭವಾದ ಹಿಂದಿ ಧಾರಾವಾಹಿ. ಬೇರೆ ಕೆಲಸ ಸಿಗದ ಪಟ್ಟಣದ ಹುಡುಗನೊಬ್ಬ ಫುಲೇರಾ ಎಂಬ ಹಳ್ಳಿಗೆ ಪಂಚಾಯತಿ ಕಾರ್ಯದರ್ಶಿಯಾಗಿ ಬರುತ್ತಾನೆ. ಬಂದ ದಿನ ಕಚೇರಿಯ ಬೀಗದ ಕೈಯೇ ಕಳೆದುಹೋಗಿರುತ್ತದೆ. ಹೊಡೆದಾಟವಿಲ್ಲದೆ, ಚೀರಾಟವಿಲ್ಲದೆ ಕಥೆ ಸಾಗುತ್ತದೆ. ತರಕಾರಿಯವನೊಡನೆ ಹನ್ನೊಂದು ವರ್ಷ ಚೌಕಾಸಿ ಮಾಡಿ ಕಲಿತ ಹಿಂದಿಯೇ ಅಮ್ಮನಿಗೆ ಸಾಕಾಯಿತು. ಪ್ರಧಾನಿಯಾಗಿ ಆರಿಸಿ ಬಂದವಳು ಹೆಂಡತಿ, ಅಧಿಕಾರ ನಡೆಸುವವನು ಗಂಡ. ನೀನಾ ಗುಪ್ತಾ ಮತ್ತು ರಘುಬೀರ್ ಯಾದವ್ ಅವರ ಆ ಜೋಡಿಯನ್ನು ನೋಡಿಯೇ ತಿಳಿಯಬೇಕು. ಮೊದಲ ಕಂತಿನ ಸರಣಿಯ ಕೊನೆಯಲ್ಲಿ ಆ ಹೆಂಗಸು ಜನವರಿ 26ರ ಧ್ವಜಾರೋಹಣಕ್ಕಾಗಿ ರಾಷ್ಟ್ರಗೀತೆ ಕಲಿತು, ತಡವರಿಸುತ್ತ ಹಾಡುವ ಭಾಗ ಬಂದಾಗ ಅಮ್ಮ ಕೈಯಲ್ಲಿದ್ದ ಬತ್ತಿಯ ಹತ್ತಿಯನ್ನು ಕೆಳಗಿಟ್ಟರು. "ಸರಿಯಾಗಿ ಹಾಡಿದಳೇನೋ?" ಎಂದು ಎರಡು ಸಲ ಕೇಳಿದರು.

ಎರಡನೆಯದು 'ವೈಲ್ಡ್ ಕರ್ನಾಟಕ'. ಜೆ. ಎಸ್. ಅಮೋಘವರ್ಷ ಮತ್ತು ಕಲ್ಯಾಣ್ ವರ್ಮ ನಿರ್ದೇಶಿಸಿದ, ನಮ್ಮ ನಾಡಿನ ಕಾಡುಗಳ ಸಾಕ್ಷ್ಯಚಿತ್ರ. 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೇ ಬಂದಿತ್ತು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ಅವರ ಧ್ವನಿ, ಕನ್ನಡದಲ್ಲಿ ರಿಷಬ್ ಶೆಟ್ಟಿಯವರದು. ಕನ್ನಡದ್ದನ್ನೇ ಹುಡುಕಿ ಹಾಕಿರೆಂದು ನಮ್ಮ ವಿನಂತಿ. ಒಂದು ಗಂಟೆಯೊಳಗೆ ಹುಲಿ, ಆನೆ, ಕಾಳಿಂಗ ಸರ್ಪ ಎಲ್ಲವೂ ಬಂದುಹೋಗುತ್ತವೆ. ಆದರೆ ನಮ್ಮ ಮನೆಯಲ್ಲಿ ಅದು ಮುಗಿಯಲು ಎರಡೂವರೆ ಗಂಟೆ ಹಿಡಿಯಿತು. ಕಾರಣವಿಷ್ಟೆ. ಹೊಳೆಯಲ್ಲಿ ಈಜುವ ಪ್ರಾಣಿಯೊಂದು ಕಂಡಾಗ ಮಗ "ಅಜ್ಜಿ, ನೀರುಬೆಕ್ಕು!" ಎಂದು ಕೂಗಿದ. ಮರಾಠಿಯಲ್ಲಿ ಅದನ್ನು ಪಾಣಮಾಂಜರ ಎನ್ನುತ್ತಾರೆ. ಅವನು ಪ್ರಾಮಾಣಿಕವಾಗಿ ಭಾಷಾಂತರಿಸಿದ್ದ. ಅಮ್ಮ ಚಿತ್ರವನ್ನು ನಿಲ್ಲಿಸಿ, "ಬೆಕ್ಕು ನೀರಿಗಿಳಿಯುವುದುಂಟೇನೋ? ಅದು ನೀರುನಾಯಿ" ಎಂದರು. ಅನಂತರ ಅರ್ಧ ಗಂಟೆ ತುಂಗೆಯ ಪುರಾಣ ನಡೆಯಿತು. ಮರದಿಂದ ಮರಕ್ಕೆ ತೇಲುವ ಹಲ್ಲಿ ಬಂದಾಗ ಅವನಿಗೆ ಹೆಸರೇ ತಿಳಿಯಲಿಲ್ಲ. "ಪಕ್ಕೆಯಲ್ಲಿ ಛತ್ರಿ ಇರುವ ಹಲ್ಲಿ" ಎಂದ. "ಹಾರುವ ಓತಿ. ನಮ್ಮ ಅಡಕೆ ಮರದಲ್ಲಿ ಇರ್ತಿತ್ತು" ಎಂದರು ಅಮ್ಮ. ಹೀಗೆ ಆ ಸಂಜೆ ಹುಡುಗನಿಗೆ ಸಿಕ್ಕಿದ ಕನ್ನಡ ಪದಗಳು ನಾವು ಒಂದು ವರ್ಷದಲ್ಲಿ ಕಲಿಸಿದ್ದಕ್ಕಿಂತ ಹೆಚ್ಚು.

ಮೂರನೆಯದನ್ನು ಕುರಿತು ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ. 'ಮೈ ಆಕ್ಟೋಪಸ್ ಟೀಚರ್', 2020ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ಬಂದದ್ದು, ಮರುವರ್ಷ ಆಸ್ಕರ್ ಪಡೆದದ್ದು. ದಕ್ಷಿಣ ಆಫ್ರಿಕದ ಕ್ರೇಗ್ ಫಾಸ್ಟರ್ ಎಂಬಾತ ಮನಸ್ಸು ಕುಂದಿದ್ದ ಕಾಲದಲ್ಲಿ, ಮನೆಯ ಹತ್ತಿರದ ತಣ್ಣನೆಯ ಸಮುದ್ರಕ್ಕೆ ದಿನವೂ ಇಳಿಯತೊಡಗಿ, ಕಡಲಪಾಚಿಯ ಕಾಡಿನಲ್ಲಿ ಒಂದು ಹೆಣ್ಣು ಆಕ್ಟೋಪಸ್ಸಿನ ಸ್ನೇಹ ಸಂಪಾದಿಸುತ್ತಾನೆ. ಬೆನ್ನಿಗೆ ಗಾಳಿಯ ಸಿಲಿಂಡರಿಲ್ಲ, ಮೈಗೆ ಚಳಿ ತಡೆಯುವ ಉಡುಪಿಲ್ಲ. ನಮ್ಮ ಸಂಜಯ "ಎಂಟು ಸೊಂಡಿಲಿನ ಪ್ರಾಣಿ" ಎಂದು ಆರಂಭಿಸಿದ. "ಐರಾವತಕ್ಕೆ ನಾಲ್ಕು ದಂತ ಅಂತ ಕೇಳಿದ್ದೆ. ಎಂಟು ಸೊಂಡಿಲಿನದು ಯಾವ ಪುರಾಣದ್ದು?" ಎಂದರು ಅಮ್ಮ. ಆದರೆ ಕಥೆ ಮುಂದುವರಿದಂತೆ ಹಾಸ್ಯ ನಿಂತಿತು. ಆ ಪ್ರಾಣಿ ಚಿಪ್ಪು ಕಲ್ಲುಗಳನ್ನು ಮೈಗೆ ಹೊದ್ದುಕೊಂಡು ಅಡಗುವುದು, ಶಾರ್ಕ್ ಮೀನೊಂದು ಅದರ ಒಂದು ತೋಳನ್ನು ಕಿತ್ತೊಯ್ಯುವುದು, ಆ ತೋಳು ಮತ್ತೆ ಚಿಗುರುವುದು, ಎಲ್ಲವನ್ನೂ ಹುಡುಗ ಹೇಳಿದ. ತೋಳು ಚಿಗುರಿದ್ದನ್ನು ಕೇಳಿ ಅಮ್ಮ, "ನೋಡಿದಿರಾ, ಹೋದದ್ದೂ ಬರುತ್ತದೆ" ಎಂದು ನಮ್ಮ ಕಡೆ ತಿರುಗಿದರು.

ನಮಗೆ ಗಂಟಲು ಕಟ್ಟಿತು. ಏಕೆಂದರೆ ಚಿತ್ರದ ಕೊನೆಯನ್ನು ನಾವು ಮೊದಲೇ ಓದಿ ತಿಳಿದಿದ್ದೆವು. ಆಕ್ಟೋಪಸ್ಸಿನ ಆಯುಷ್ಯ ಬಲು ಕಿರಿದು. ಹೆಣ್ಣು ಮೊಟ್ಟೆಯಿಟ್ಟು, ಆಹಾರ ಬಿಟ್ಟು ಅವುಗಳನ್ನು ಕಾಯುತ್ತ ಸವೆಯುತ್ತದೆ. ಮೊಟ್ಟೆಯೊಡೆಯುವ ಹೊತ್ತಿಗೆ ಅದರ ಜೀವವೂ ಮುಗಿಯುತ್ತದೆ. ಆ ದೃಶ್ಯ ಬಂದಾಗ ನಾವು ಮಗನಿಗೆ ಕೈಸನ್ನೆ ಮಾಡಿ, ನಾವೇ ಮುಂದಾಗಿ, "ಅಮ್ಮ, ಅದು ಆಳಕ್ಕೆ ಈಜಿಕೊಂಡು ಹೋಯಿತು. ಮರಿಗಳೂ ಹೋದವು" ಎಂದೆವು. ಹುಡುಗ ನಮ್ಮ ಮುಖ ನೋಡಿದ, ಅಜ್ಜಿಯ ಮುಖ ನೋಡಿದ. "ಇಲ್ಲ ಅಜ್ಜಿ, ಅದು ಸತ್ತುಹೋಯ್ತು. ಶಾರ್ಕ್ ಬಂದು ಎತ್ತಿಕೊಂಡು ಹೋಯ್ತು. ಆ ಮಾಮ ಸುಮ್ಮನೆ ನೋಡ್ತಿದ್ದಾನೆ" ಎಂದ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಶಾಂತವಾಗಿಯೇ, "ಕಣ್ಣು ಹೋದದ್ದು ನನ್ನದು. ನಿನಗೆ ಬಾಯಿ ಹೋಗಿದೆಯೇನೋ?" ಎಂದು ನಮ್ಮನ್ನು ಕೇಳಿದರು. ಅದಕ್ಕೆ ಏನೆಂದು ಉತ್ತರ ಹೇಳುವುದು? ಅವರೇ ಮುಂದುವರಿದು, "ಡಾಕ್ಟರು ಅವತ್ತು ಎಂತ ಹೇಳಿದರು, ಅದನ್ನೂ ಇವತ್ತೇ ಹೇಳಿಬಿಡು" ಎಂದರು. ಮಗನನ್ನು ಒಳಗೆ ಕಳಿಸಿ ಹೇಳಿದೆವು. ಅಮ್ಮ ಕೇಳಿಕೊಂಡರು. "ಮೂರು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು, ಇವತ್ತು ಸರಿಹೋಯಿತೇನೋ ಅಂತ ದೇವರ ಪಟ ನೋಡ್ತಿದ್ದೆ. ಇನ್ನು ಅದೊಂದು ಕೆಲಸ ಉಳಿಯಿತು" ಎಂದು ಹೇಳಿ ಮಲಗಲು ಹೋದರು. ಅವರ ಮೇಲಿನ ಕನಿಕರದಿಂದ ಸುಳ್ಳು ಹೇಳಿದೆವೆಂದು ನಾವು ಅಂದುಕೊಂಡಿದ್ದೆವು. ನಿಜವಾಗಿ ಅದು ನಮ್ಮ ಅಂಜಿಕೆ. ಅದರ ಬೆಲೆಯನ್ನು ಮೂರು ವರ್ಷ ಅಮ್ಮ ತೆತ್ತಿದ್ದರು.

ಆದುದರಿಂದ ನಾಲ್ಕನೆಯ ಚಿತ್ರವನ್ನು ಹಾಕುವಾಗ ನಮಗೆ ಅಳುಕಿತ್ತು. 'ದಿ ಎಲಿಫೆಂಟ್ ವಿಸ್ಪರರ್ಸ್', ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನದ್ದು, 2023ರಲ್ಲಿ ಕಿರು ಸಾಕ್ಷ್ಯಚಿತ್ರಕ್ಕಾಗಿ ಆಸ್ಕರ್ ಪಡೆದದ್ದು. ನಮ್ಮ ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ಬೊಮ್ಮನ್ ಮತ್ತು ಬೆಳ್ಳಿ ಎಂಬ ದಂಪತಿಗಳು, ವಿದ್ಯುತ್ ತಗುಲಿ ತಾಯಿಯನ್ನು ಕಳೆದುಕೊಂಡ ರಘು ಎಂಬ ಆನೆಮರಿಯನ್ನು ಸಾಕಿದ ಕಥೆ. ಮಾತು ತಮಿಳು. ನಮ್ಮಾಕೆ ಕೆಳಗಿನ ಅಕ್ಷರಗಳನ್ನು ಓದಿ ಕನ್ನಡದಲ್ಲಿ ಹೇಳಿದಳು, ಮಗ ಚಿತ್ರ ಹೇಳಿದ. ಇಬ್ಬರೂ ಒಟ್ಟಿಗೆ ಹೇಳಿದಾಗ "ಸಂತೆ ಮಾಡಬೇಡಿ" ಎಂಬ ಗದರಿಕೆಯೂ ಆಯಿತು. ಬೆಳೆದ ರಘುವನ್ನು ಬೇರೆಯವರ ವಶಕ್ಕೆ ಕೊಂಡೊಯ್ಯುವ ಭಾಗ ಬಂದಿತು. ಮಗ ನಮ್ಮ ಕಡೆ ನೋಡಿದ. ಈ ಸಲ ನಾವೇ ಹೇಳಿದೆವು. "ಅಮ್ಮ, ರಘುವನ್ನು ಕರೆದುಕೊಂಡು ಹೋದರು. ಇನ್ನು ಅವನು ಇವರ ಬಳಿ ಇರುವುದಿಲ್ಲ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂಂ, ಮುಂದೆ ಹೇಳು" ಎಂದರು. ನಲವತ್ತು ನಿಮಿಷದ ಈ ಚಿತ್ರವನ್ನು ಮಕ್ಕಳ ಜೊತೆ ಕುಳಿತು ನೋಡಿರಿ.

ಐದನೆಯದರಲ್ಲಿ ನಮ್ಮ ಸಂಜಯ ಸೋತ. ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀತ್ಸ್', 2022ರದು. ದೆಹಲಿಯ ವಜೀರಾಬಾದಿನಲ್ಲಿ ಇಬ್ಬರು ಅಣ್ಣತಮ್ಮಂದಿರು ತಮ್ಮ ಮನೆಯ ನೆಲಮಾಳಿಗೆಯಲ್ಲಿ, ಗಾಳಿಪಟದ ಮಾಂಜಾ ದಾರದಿಂದಲೂ ಕೆಟ್ಟ ಗಾಳಿಯಿಂದಲೂ ಉರುಳುವ ಹದ್ದುಗಳಿಗೆ ಶುಶ್ರೂಷೆ ಮಾಡುತ್ತಾರೆ. ಅಲ್ಲಿ ಕ್ಯಾಮರಾ ಎಷ್ಟೋ ಹೊತ್ತು ಇಲಿಗಳನ್ನೋ ನೀರಿನ ಹೊಂಡವನ್ನೋ ನೋಡುತ್ತ ನಿಂತಿರುತ್ತದೆ. "ಈಗ ಎಂತ?" ಎಂದರೆ "ಏನೂ ಇಲ್ಲ ಅಜ್ಜಿ", ಮತ್ತೆ ಕೇಳಿದರೆ "ಇನ್ನೂ ಏನೂ ಇಲ್ಲ". ಹದ್ದೊಂದು ಸಹಾಯಕ ಯುವಕನ ಕನ್ನಡಕವನ್ನು ಹಾರಿಸಿಕೊಂಡು ಹೋದಾಗ ಮಾತ್ರ ಅಮ್ಮ ನಕ್ಕು, "ನನ್ನದನ್ನೂ ಒಯ್ದುಬಿಡಲಿ, ಬರೀ ಮೂಗಿಗೆ ಭಾರ" ಎಂದರು. ಆದರೂ ಇದನ್ನು ಕೈಬಿಡಬೇಡಿರಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾವು ಒಬ್ಬರೇ ಎರಡನೆಯ ಸಲ ನೋಡಿದೆವು.

ಕೊನೆಯದು ಹೊಸದಲ್ಲ. ಶಂಕರನಾಗ್ ಅವರ 'ಮಾಲ್ಗುಡಿ ಡೇಸ್', 1986ರದು. ಆರ್. ಕೆ. ನಾರಾಯಣರ ಕಥೆಗಳು, ಲಕ್ಷ್ಮಣರ ರೇಖಾಚಿತ್ರ, ಎಲ್. ವೈದ್ಯನಾಥನ್ ಸಂಗೀತ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಚಿತ್ರೀಕರಣವಾದದ್ದು ಆಗುಂಬೆಯಲ್ಲೆಂದು ನಿಮಗೆಲ್ಲ ಗೊತ್ತು. ಮಗ, "ಅಜ್ಜಿ, ಹೆಂಚಿನ ಮನೆ, ಒಳಗೆ ಅಂಗಳ, ಮರದ ಕಂಬ" ಎಂದು ಶುರುಮಾಡಿದ. ಅಮ್ಮ ಅವನನ್ನು ತಡೆದು, "ಅದು ದೊಡ್ಡಮನೆ. ಇನ್ನು ನೀನು ಸುಮ್ಮನಿರು, ನಾನು ಹೇಳ್ತೇನೆ" ಎಂದರು. ಉಡುಪಿಗೆ ಹೋಗುವಾಗ ಬಸ್ಸು ಅಲ್ಲಿ ನಿಲ್ಲುತ್ತಿದ್ದದ್ದು, ಷೂಟಿಂಗು ನೋಡಲು ಜನ ಸೇರಿದ್ದು, ಕಂಡಕ್ಟರು ಕೂಗಿ ಕೂಗಿ ಸಾಕಾದದ್ದು, ಎಲ್ಲವನ್ನೂ ಹೇಳಿದರು. ಪರದೆಯ ಮೇಲೆ ಕಥೆ ತನ್ನ ಪಾಡಿಗೆ ನಡೆದಿತ್ತು. ನಾವು ಮೂವರೂ ಅತ್ತ ನೋಡಲೇ ಇಲ್ಲ.

ಇವಿಷ್ಟು ನಮ್ಮ ಶಿಫಾರಸುಗಳು. ಮನೆಯಲ್ಲಿ ಹಿರಿಯರಿದ್ದರೆ ಒಂದು ಮಾತು ಸೇರಿಸುತ್ತೇವೆ. ಅವರನ್ನು ಟೀವಿಯ ಮುಂದೆ ಕೂರಿಸಿ ನೀವು ಒಳಕೋಣೆಗೆ ಹೋಗಬೇಡಿರಿ. ಪಕ್ಕದಲ್ಲಿ ಕುಳಿತು, ಬಣ್ಣವನ್ನೂ ಮುಖವನ್ನೂ ಹೇಳಿರಿ, ದುಃಖದ್ದನ್ನು ಬಿಡಬೇಡಿರಿ. ಮುಂದಿನ ಸಮಾರಂಭದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕುಳಿತವರು ಇನ್ನೆರಡು ಹೆಸರು ಹೇಳಿದರೆ ಉಪಕಾರವಾಗುತ್ತದೆ. ಮಾತು ಕಡಿಮೆಯಿದ್ದರೂ ಚಿಂತೆಯಿಲ್ಲ. ಹೇಳುವವನ ಕನ್ನಡ ಈಗ ಸುಧಾರಿಸಿದೆ.