ಎಸ್ತ್ರೆಮೋಷಿನ ಮಣ್ಣಿನ ಮಂದಿ

ಲಿಸ್ಬನ್,
ಭಾನುವಾರ ಸಂಜೆ

ಪ್ರೀತಿಯ ಅಕ್ಕ,

ನೆನ್ನೆ ವಾಟ್ಸಾಪಿನಲ್ಲಿ ನಾಲ್ಕು ಫೋಟೋ ಕಳಿಸಿದ್ದಕ್ಕೆ ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ. ನನಗೆ ಅಷ್ಟು ಸಾಲದು. ನೆನ್ನೆ ನೋಡಿದ್ದನ್ನು ಎದುರಿಗೆ ಕೂತು ಹೇಳಬೇಕಿತ್ತು. ಆಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಭಾವನವರಿಗೆ ಕನ್ನಡಕ ಹಾಕಿಸಿ ಗಟ್ಟಿಯಾಗಿ ಓದಿಸು.

ಈ ಸಲ ನಿನ್ನ ಗೊಂಬೆ ಹಬ್ಬಕ್ಕೆ ನಾನಿಲ್ಲ ಅನ್ನುವ ಸಂಕಟ ನಿನಗಿಂತ ನನಗೇ ಹೆಚ್ಚು. ಪಟ್ಟದ ಗೊಂಬೆಗೆ ಸೀರೆ ಉಡಿಸುವವರು ಯಾರು, ಅಟ್ಟದಿಂದ ತಗಡಿನ ಪೆಟ್ಟಿಗೆ ಇಳಿಸುವವರು ಯಾರು ಅಂತ ನಾಲ್ಕು ದಿನ ಇಲ್ಲಿ ಗೊಣಗುತ್ತಾ ಇದ್ದೆ. ಮಗಳಿಗೆ ಸಾಕಾಯಿತು ಅಂತ ಕಾಣುತ್ತೆ. 'ಅಮ್ಮ, ಈ ದೇಶದಲ್ಲೂ ಗೊಂಬೆಗಳದ್ದೇ ಒಂದು ಊರಿದೆ, ಹೋಗಿ ಬಾ' ಅಂದಳು. ಅವಳಿಗೆ ಬಿಡುವಿಲ್ಲ. ಶನಿವಾರ ಬೆಳಿಗ್ಗೆ ನನ್ನನ್ನು ಬಸ್ಸಿಗೆ ಹತ್ತಿಸಿ, ಚೀಟಿಯಲ್ಲಿ ಊರಿನ ಹೆಸರು ದಪ್ಪಕ್ಷರದಲ್ಲಿ ಬರೆದುಕೊಟ್ಟು ಹೋದಳು. ಅಮ್ಮ ನಮ್ಮನ್ನು ಚಿಕ್ಕವರಿದ್ದಾಗ ಅಜ್ಜಿ ಊರಿನ ಬಸ್ಸಿಗೆ ಹತ್ತಿಸುತ್ತಿದ್ದಳಲ್ಲ, ಹಾಗೆ.

ಊರಿನ ಹೆಸರು ಕಾಗದದ ಮೇಲೆ ಎಸ್ತ್ರೆಮೋಜ್. ಇವರ ಬಾಯಲ್ಲಿ ಮೊದಲಿನ 'ಎ' ಮಾಯ, ಕೊನೆಯ 'ಜ' ಹೋಗಿ 'ಷ'. ನಾನು ಎಸ್ತ್ರೆಮೋಜ್ ಅಂದರೆ ಡ್ರೈವರಿಗೆ ತಿಳಿಯಲಿಲ್ಲ, ಚೀಟಿ ತೋರಿಸಿದ ಮೇಲೆ ನಕ್ಕ. ಲಿಸ್ಬನ್ನಿನಿಂದ ಪೂರ್ವಕ್ಕೆ, ಸ್ಪೇನಿನ ಗಡಿಯ ಕಡೆಗೆ ಎರಡು ಗಂಟೆ ಚಿಲ್ಲರೆ ದಾರಿ. ನದಿ ದಾಟಿದ ಮೇಲೆ ಬಯಲೋ ಬಯಲು. ಅಲೆಂತೇಜು ಸೀಮೆ ಅದು. ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಗುಂಡು ಮರ. ಮರದ ಬುಡದಿಂದ ಆಳೆತ್ತರದವರೆಗೆ ತೊಗಟೆ ಸುಲಿದು ಕೆಂಪಗೆ ಬೆತ್ತಲೆ. ಮೈಮೇಲೆ ಬಿಳಿ ಬಣ್ಣದಲ್ಲಿ ಒಂದೊಂದು ಅಂಕಿ. ಬಾಟಲಿಗೆ ಹಾಕುವ ಬೆಂಡಿನ ಬಿರಡೆ ಇದೆಯಲ್ಲ, ಅದರ ಮರ. ಒಂದು ಸಲ ಸುಲಿದರೆ ಮತ್ತೆ ಒಂಬತ್ತು ವರ್ಷ ಮುಟ್ಟುವ ಹಾಗಿಲ್ಲ, ಕಾನೂನೇ ಇದೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಮರದ ಮೇಲೇ ಬರೆದಿಡುತ್ತಾರೆ. ಲೆಕ್ಕದ ಪುಸ್ತಕ ಕಳೆದುಹೋಗುವ ಭಯವೇ ಇಲ್ಲ.

ಊರು ಸೇರಿದಾಗ ದೊಡ್ಡ ಮೈದಾನದಲ್ಲಿ ಶನಿವಾರದ ಸಂತೆ. ಹೂಕೋಸು, ಕುರಿ ಹಾಲಿನ ಚೀಸು, ಪಂಜರದ ಕೋಳಿ, ಪಕ್ಕದಲ್ಲೇ ಹಳೇ ಬೀಗ, ತುಕ್ಕು ಹಿಡಿದ ಇಸ್ತ್ರಿ ಪೆಟ್ಟಿಗೆ. ಬೀಗದ ಕೈ ತೋರಿಸಿ ಇದೇನು ಅಂದರೆ ಮುದುಕ 'ಶಾವಿ' ಅಂದ. ನಮ್ಮ ಚಾವಿ ಕಣೇ! ನಾಲ್ಕು ನೂರು ವರ್ಷದ ಹಿಂದೆ ನಮಗೆ ಕೊಟ್ಟು ಹೋದ ಮಾತನ್ನು ಇವರಿನ್ನೂ ಇಟ್ಟುಕೊಂಡಿದ್ದಾರೆ. ಬ್ರೆಡ್ಡಿಗೆ ಪಾಂವ್ ಅನ್ನುತ್ತಾರೆ, ಬಾಂಬೆಯ ಪಾವ್.

ಕೋಟೆ ಇರುವುದು ಗುಡ್ಡದ ಮೇಲೆ. ಹತ್ತುವಾಗ ನನ್ನ ಮಂಡಿ ನಿನ್ನನ್ನು ನೆನೆಸಿಕೊಂಡಿತು. ಸುತ್ತಮುತ್ತ ಅಮೃತಶಿಲೆಯ ಗಣಿಗಳು. ಹಾಗಾಗಿ ಬಡವರ ಮನೆಯ ಹೊಸ್ತಿಲೂ ಅಮೃತಶಿಲೆ, ಕಸದ ಡಬ್ಬಿ ಇಟ್ಟ ಮೆಟ್ಟಿಲೂ ಅಮೃತಶಿಲೆ. ಗುಡ್ಡದ ನೆತ್ತಿಯಲ್ಲಿ ಅದೇ ಕಲ್ಲಿನ ಹಳೇ ಗೋಪುರ. ಅದರ ಎದುರಿಗೆ ಸುಣ್ಣ ಹೊಡೆದ ಒಂದು ಸಾದಾ ಕಟ್ಟಡ. ಅದೇ ಊರಿನ ಮ್ಯೂಸಿಯಂ. ಒಂದು ಕಾಲಕ್ಕೆ ಧರ್ಮಶಾಲೆಯಾಗಿತ್ತಂತೆ. ಲಿಸ್ಬನ್ನಿನ ದೊಡ್ಡ ಮ್ಯೂಸಿಯಮ್ಮುಗಳಲ್ಲಿ ಕಾಲು ಸೋತು, ಯಾವ ರಾಜನ ರಥ ಯಾವುದು ಅಂತ ಗೊತ್ತಾಗದೆ ಬಂದವಳು ನಾನು. ಇಲ್ಲಿ ಹಾಗಲ್ಲ. ನೆಂಟರ ಮನೆಗೆ ಹೋದ ಹಾಗೆ.

ಅಲ್ಲೊಂದು ಹಳ್ಳಿ ಮನೆಯ ಅಡುಗೆಕೋಣೆಯನ್ನು ಇದ್ದ ಹಾಗೇ ಜೋಡಿಸಿದ್ದಾರೆ, ಮಲಗುವ ಕೋಣೆಯನ್ನೂ. ಹೂಬಳ್ಳಿ ಬರೆದ ಮರದ ಕುರ್ಚಿ, ಹುಲ್ಲು ಹೆಣೆದ ಆಸನ. ಕುರಿಗಾಹಿಗಳು ಬೆಂಡನ್ನೇ ಕೊರೆದು ಮಾಡಿದ ಮುಚ್ಚಳದ ಪಾತ್ರೆಯನ್ನು ನೀನು ನೋಡಬೇಕಿತ್ತು. ಮನೆಯಿಂದ ಒಯ್ದ ಊಟ ಅದರಲ್ಲಿ ಹೊತ್ತಾದರೂ ಆರುವುದಿಲ್ಲವಂತೆ. ಹಾಟ್‌ಬಾಕ್ಸು ಕಂಡುಹಿಡಿದವರು ಇವರೇ ಇರಬೇಕು.

ಕೆಂಪು ಮಣ್ಣಿನ ಹೂಜಿಗಳು ಬೇಕಾದಷ್ಟು. ಕೆಲವಕ್ಕೆ ಹಸಿ ಇರುವಾಗಲೇ ಬಿಳಿ ಕಲ್ಲಿನ ಚೂರು ಒತ್ತಿ ಹೂವಿನ ಚಿತ್ತಾರ ಮಾಡಿದ್ದಾರೆ. ಈ ಊರಿನ ಮಣ್ಣಿನ ಲೋಟಕ್ಕೆ ಹಿಂದೆ ಅರಮನೆಗಳಲ್ಲೆಲ್ಲ ಬೇಡಿಕೆ. ನೀರು ಹಾಕಿದರೆ ಮಳೆ ಬಿದ್ದ ನೆಲದ ವಾಸನೆ. 16-17ನೇ ಶತಮಾನದಲ್ಲಿ ಪೋರ್ಚುಗಲ್, ಸ್ಪೇನಿನ ಸಿರಿವಂತ ಹೆಂಗಸರು ನೀರು ಕುಡಿದು ಲೋಟದ ಅಂಚನ್ನೂ ಕಚ್ಚಿ ತಿನ್ನುತ್ತಿದ್ದರಂತೆ! ಓದಿ ನನಗೆ ನಗು ತಡೆಯಲಾಗಲಿಲ್ಲ. ನೀನು ಬಸುರಿಯಾಗಿದ್ದಾಗ ನನ್ನ ಸ್ಲೇಟಿನ ಬಳಪದ ಡಬ್ಬಿ ಖಾಲಿ ಮಾಡಿ, ಬೆಕ್ಕಿನ ಮೇಲೆ ಹಾಕಿದ್ದು ಜ್ಞಾಪಕ ಇದೆಯಾ? ಇನ್ನು ನಾಚಿಕೊಳ್ಳಬೇಡ. ನಿನ್ನದು ರಾಣಿವಾಸದ ಚಾಳಿ.

ಈಗ ಗೊಂಬೆಗಳ ವಿಷಯಕ್ಕೆ ಬರುತ್ತೇನೆ.

ಗಾಜಿನ ಬೀರುಗಳಲ್ಲಿ ಸಾಲು ಸಾಲು, ನೂರಾರು. ಹೆಚ್ಚಿನವು ಗೇಣುದ್ದ. ಕಣ್ಣಿಗೊಂದು ಕಪ್ಪು ಚುಕ್ಕೆ, ಮೇಲೆ ಸಣ್ಣ ಗೆರೆ, ಎರಡು ಕೆನ್ನೆಗೂ ಗುಂಡಗೆ ಗುಲಾಬಿ ಬಣ್ಣ. ಮುಖವೆಲ್ಲ ಒಂದೇ ಥರ, ಆದರೆ ಕೆಲಸ ಬೇರೆ ಬೇರೆ. ಬಟ್ಟೆ ಒಗೆಯುವವಳು, ಕೋಳಿ ಮಾರುವವಳು, ಕುದುರೆ ಮೇಲಿನ ಸಿಪಾಯಿ, ಕಂಬಳಿ ಹೊದ್ದ ಕುರಿಗಾಹಿ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೈಯಲ್ಲಿ ಕೆಂಪು ಹೃದಯ ಹಿಡಿದು ನಿಂತ ಒಂದು ಗೊಂಬೆಗೆ 'ಪ್ರೀತಿ ಕುರುಡು' ಅಂತಲೇ ಹೆಸರು. ತಲೆಯ ಮೇಲೆ ಹೂವಿನ ಕಮಾನು ಹೊತ್ತವಳು 'ವಸಂತ'. ಮಡಿಲ ತುಂಬ ಗುಲಾಬಿ ಇಟ್ಟುಕೊಂಡವಳು ಇಸಬೆಲ್ ರಾಣಿ. ಬಡವರಿಗೆ ರೊಟ್ಟಿ ಮುಚ್ಚಿಟ್ಟುಕೊಂಡು ಹೋಗುವಾಗ ಗಂಡ ತಡೆದು ಕೇಳಿದನಂತೆ, ಮಡಿಲು ಬಿಚ್ಚಿದರೆ ರೊಟ್ಟಿಯೆಲ್ಲ ಗುಲಾಬಿ. ಅವಳು 1336ರಲ್ಲಿ ತೀರಿಕೊಂಡದ್ದು ಇದೇ ಗುಡ್ಡದ ಮೇಲಿನ ಅರಮನೆಯಲ್ಲಿ. ಅರಮನೆ ಈಗ ಹೋಟೆಲು.

ಒಂದು ಬೀರುವಿನ ಮುಂದೆ ಮಾತ್ರ ನನಗೆ ಕಾಲು ಕೀಳಲಾಗಲಿಲ್ಲ. ಏಸುವಿನ ಜನನದ ಗೊಂಬೆಗಳು. ಅವನ್ನು ಹೇಗೆ ಜೋಡಿಸಿದ್ದರು ಹೇಳು? ಮೆಟ್ಟಿಲು! ಮಣ್ಣಿನಲ್ಲೇ ಮಾಡಿ ಬಣ್ಣ ಬಳಿದ ಮೆಟ್ಟಿಲ ಪೀಠ, ಅದರ ಮೇಲೆ ಮಗು, ತಾಯಿ, ತಂದೆ, ದೇವತೆಗಳು, ಕಾಣಿಕೆ ತಂದ ರಾಜರು. ಅಡಿಕೆ ತಟ್ಟೆಯಷ್ಟು ಜಾಗದಲ್ಲಿ ನಿನ್ನ ಪಡಸಾಲೆಯ ಗೊಂಬೆ ಮೆಟ್ಟಿಲು. ಶೆಟ್ಟಿ ದಂಪತಿಯ ಅಂಗಡಿಯೊಂದು ಇಲ್ಲ, ಅಷ್ಟೇ.

ಆದರೆ ಕಾಗದ ಬರೆಯಲು ಕೂರಿಸಿದ್ದು ಅದಲ್ಲ. ಗೊಂಬೆಯ ಪಕ್ಕದ ಚೀಟಿಗಳು. ಹಳೆಯ ಗೊಂಬೆಗಳನ್ನು ಮಾಡಿದವರ ಹೆಸರೇ ಇಲ್ಲ. ಗಂಡಸರು ತಿಗರಿ ತಿರುಗಿಸಿ ಹೂಜಿ ಮಾಡಿದರೆ, ಮನೆಯಲ್ಲಿ ಕೂತು ಗೊಂಬೆ ಮಾಡುತ್ತಿದ್ದವರು ಹೆಂಗಸರು. ಯಾರು ಬರೆದಿಡುತ್ತಾರೆ? 20ನೇ ಶತಮಾನ ಹುಟ್ಟುವ ಹೊತ್ತಿಗೆ ಕಸುಬು ಸೊರಗಿ, ಆಮೇಲೆ ಹೆಚ್ಚುಕಡಿಮೆ ನಿಂತೇಹೋಯಿತು. 1930ರ ದಶಕದಲ್ಲಿ ಇಲ್ಲಿನ ಕೈಗಾರಿಕಾ ಶಾಲೆಗೆ ಮುಖ್ಯಸ್ಥನಾಗಿ ಸಾ ಲೆಮೊಶ್ ಅನ್ನುವ ಶಿಲ್ಪಿ ಬಂದ. ಉತ್ತರದ ಕಡೆಯವನು, ಈ ಊರಿನವನೇ ಅಲ್ಲ. ಹಳೇ ಗೊಂಬೆ ನೋಡಿ, ಇದನ್ನು ಮಾಡಬಲ್ಲವರು ಯಾರಾದರೂ ಉಳಿದಿದ್ದಾರಾ ಅಂತ ಹುಡುಕಿದ. ಸಿಕ್ಕಿದ್ದು ಒಬ್ಬಳು ಮುದುಕಿ, ಅನಾ. ಊರಿನವರ ಬಾಯಲ್ಲಿ 'ಅನಾ ದಾಸ್ ಪೆಲೆಶ್', ತೊಗಲಿನ ಅನಾ ಅಂದ ಹಾಗೆ. ಅರವತ್ತು ದಾಟಿತ್ತು. ಬಿಟ್ಟುಹೋಗಿದ್ದ ಕೆಲಸಕ್ಕೆ ಅವಳನ್ನು ಮತ್ತೆ ಕೂರಿಸಿದ. ಅವಳ ಕೈ ನೋಡಿ ಕುಂಬಾರರ ಮನೆಯ ಮಾರಿಯಾನು ಕಲಿತ. ಅವನ ನಂತರ ಅವನ ತಂಗಿ ಸಬೀನಾ. ಸಬೀನಾಳಿಂದ ಫ್ಲೋರೆಶ್ ಸಹೋದರಿಯರು. 2017ರಲ್ಲಿ ಯುನೆಸ್ಕೋ ಈ ಕಸುಬನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಒಬ್ಬ ಮುದುಕಿ ಆವತ್ತು 'ನನ್ನ ಕೈಲಾಗೋಲ್ಲಪ್ಪ' ಅಂದಿದ್ದರೆ ಮುಗಿದೇಹೋಗುತ್ತಿತ್ತು.

ಅವಳಿಂದ ಈಚೆಗೆ ಚೀಟಿಗಳಲ್ಲಿ ಹೆಸರು ಬರುತ್ತೆ. ಅದನ್ನು ನೋಡುತ್ತಾ ನನಗೆ ನಮ್ಮಮ್ಮನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಕತ್ತು ಮುರಿದು ಅರಗು ಹಾಕಿ ಅಂಟಿಸಿದ ಆ ವೀಣೆ ಸರಸ್ವತಿ. ಅಜ್ಜಿ ತಂದದ್ದು ಅನ್ನುವುದು ಗೊತ್ತು, ದೊಡ್ಡ ಮಾರ್ಕೆಟ್ಟಿನ ಹತ್ತಿರ ಅನ್ನುವುದೂ ಗೊತ್ತು, ಎಷ್ಟಾಣೆ ಚೌಕಾಸಿ ಮಾಡಿದಳು ಅನ್ನುವುದನ್ನೂ ಅಮ್ಮ ಹೇಳುತ್ತಿದ್ದಳು. ಮಾಡಿದವರು ಯಾರು? ಮೂರು ತಲೆಮಾರು ಆರತಿ ಎತ್ತಿದ್ದೇವೆ, ಒಂದು ದಿನ ಕೇಳಲಿಲ್ಲ. ಬೇಜಾರಾಯಿತು ಅಂದರೆ ಸುಳ್ಳು, ಒಂಥರಾ ಕಸಿವಿಸಿ.

ಮಧ್ಯಾಹ್ನ ಊಟಕ್ಕೆ ಇಳಿದು ಬಂದೆ. ಮಾಂಸವಿಲ್ಲದ್ದು ಏನಿದೆ ಅಂದರೆ ಅಸೋರ್ಡಾ ಅಂತ ಕೊಟ್ಟರು. ಬೆಳ್ಳುಳ್ಳಿ, ಹಸಿ ಕೊತ್ತಂಬರಿ ಸೊಪ್ಪು, ಉಪ್ಪು ಜಜ್ಜಿ, ಆಲಿವ್ ಎಣ್ಣೆ ಬಿಟ್ಟು, ಕುದಿಯುವ ನೀರು ಸುರಿದು, ಹಳೇ ಬ್ರೆಡ್ಡು ಮುರಿದು ಹಾಕುವುದು. ಮೇಲಿನ ಮೊಟ್ಟೆ ಬೇಡ ಅಂದದ್ದಕ್ಕೆ ಹುಡುಗ ನನ್ನನ್ನು ಕನಿಕರದಿಂದ ನೋಡಿದ. ಕೊತ್ತಂಬರಿ ವಾಸನೆಗೆ ಕಣ್ಣು ಮುಚ್ಚಿದರೆ ಸಾರು ಕಲಸಿದ ಹಾಗೇ ಇತ್ತು. ಖಾರ ಇಲ್ಲ, ಬಿಡು.

ಆಮೇಲೆ ಬೀದಿಯಲ್ಲಿ ಬಾಗಿಲು ತೆರೆದಿದ್ದ ಒಂದು ಗೊಂಬೆ ಮಾಡುವ ಮನೆಗೆ ನುಗ್ಗಿದೆ. ನನ್ನ ವಯಸ್ಸಿನವಳೇ, ಮೂಗಿನ ತುದಿಯಲ್ಲಿ ಕನ್ನಡಕ. ಅವಳಿಗೆ ಇಂಗ್ಲಿಷು ಬಾರದು, ನನಗೆ ಅವಳ ಭಾಷೆ ಬಾರದು. ಸ್ಟೂಲು ಎಳೆದು ಹಾಕಿದಳು. ಅರ್ಧ ಗಂಟೆ ಕೂತು ನೋಡಿದೆ. ಮಣ್ಣಿಗೆ ಮೂರೇ ರೂಪ: ಉಂಡೆ, ಬತ್ತಿ, ಹಪ್ಪಳ. ಉಂಡೆ ತಲೆಯಾಯಿತು, ಬತ್ತಿ ಕೈಕಾಲಾಯಿತು. ಮೊದಲು ಗೊಂಬೆ ಬೆತ್ತಲೆ. ಆಮೇಲೆ ಮಣ್ಣನ್ನು ಹಪ್ಪಳದ ಹಾಗೆ ತೆಳ್ಳಗೆ ಲಟ್ಟಿಸಿ, ಕತ್ತರಿಸಿ, ಲಂಗ ಉಡಿಸಿದಳು, ರವಿಕೆ ತೊಡಿಸಿದಳು, ಅದರ ಮೇಲೆ ಮುಂಗವಚ, ಹೆಗಲಿಗೆ ಶಾಲು. ಒಳಗೆ ಮುಚ್ಚಿಹೋಗುವ ರವಿಕೆಯನ್ನೂ ಬಿಡಲಿಲ್ಲ! ಮರದ ಕಡ್ಡಿಯ ತುದಿಯಿಂದ ಲಂಗದ ನಿರಿಗೆ ಒತ್ತಿದಳು. ನೀನು ಪಟ್ಟದ ಗೊಂಬೆಗೆ ನಿರಿಗೆ ಹಿಡಿಯುವಾಗ ನಾಲಿಗೆ ಕಚ್ಚಿಕೊಳ್ಳುತ್ತೀಯಲ್ಲ, ಹಾಗೇ ಕಚ್ಚಿಕೊಂಡಿದ್ದಳು. ಇನ್ನು ಒಣಗಿಸಿ, ಸುಟ್ಟು, ಬಣ್ಣ ಹಚ್ಚಿ, ಮೇಲೆ ವಾರ್ನಿಷು. ಒಂದು ಗೊಂಬೆಗೆ ಎಷ್ಟೋ ದಿನ.

ಫೋನಿನಲ್ಲಿ ನಿನ್ನ ಹೋದ ವರ್ಷದ ಮೆಟ್ಟಿಲಿನ ಫೋಟೋ ತೋರಿಸಿದೆ. ಕೈ ಒರೆಸಿಕೊಂಡು ಫೋನು ಇಸಿದುಕೊಂಡು, ಒಂದೊಂದೇ ಗೊಂಬೆಯನ್ನು ದೊಡ್ಡದು ಮಾಡಿ ನೋಡಿದಳು. ಸರಸ್ವತಿಯ ಕತ್ತಿನ ಅರಗಿನ ಗೆರೆ ಅವಳ ಕಣ್ಣಿಗೆ ತಕ್ಷಣ ಬಿತ್ತು. ಬೆರಳಲ್ಲಿ ತೋರಿಸಿ ನಕ್ಕು, ತನ್ನ ಹಿಂದಿನ ಹಲಗೆಯಿಂದ ಕೈ ಮುರಿದ ಒಬ್ಬ ಕುರಿಗಾಹಿಯನ್ನು ತೆಗೆದು ನನ್ನ ಮುಂದೆ ಇಟ್ಟಳು. ಆಮೇಲೆ ಸರಸ್ವತಿಯನ್ನೇ ಮತ್ತೆ ತೋರಿಸಿ ಏನೋ ಕೇಳಿದಳು. ಯಾರು ಮಾಡಿದ್ದು ಅಂತಲೇ ಇರಬೇಕು. ನಾನು ಭುಜ ಕುಣಿಸಿದೆ.

ದೊಡ್ಡ ಗೊಂಬೆಗೆ ನನ್ನ ಪರ್ಸು ಒಪ್ಪಲಿಲ್ಲ. ಇಲ್ಲಿ ಮಣ್ಣಿನ ಪೀಪಿಗಳೂ ಆಗುತ್ತವೆ, ಪುಟ್ಟ ಗೊಂಬೆಯ ಬುಡದಲ್ಲೇ ಊದುವ ತೂತು. ಕೋಳಿ ಹುಂಜದ ಆಕಾರದ್ದೊಂದು ತಗೊಂಡೆ. ಕಟ್ಟಿಕೊಡುವ ಮುಂಚೆ ಅವಳು ಅಡಿಯಲ್ಲಿ ತನ್ನ ಹೆಸರು ಗೀಚಿದ್ದನ್ನು ತಿರುಗಿಸಿ ತೋರಿಸಿದಳು. ಬಸ್ಸಿನಲ್ಲಿ ಮೆಲ್ಲಗೆ ಊದಿದೆ. ಮುಂದಿನ ಸೀಟಿನ ಮಗು ಎದ್ದು ಅಳಲು ಶುರುಮಾಡಿತು, ಅದರ ತಾಯಿಯ ಮುಖ ನೋಡುವ ಧೈರ್ಯ ಆಗಲಿಲ್ಲ.

ಹುಂಜ ಈಗ ಅಳಿಯನ ಉಣ್ಣೆಯ ಕಾಲುಚೀಲದೊಳಗೆ ಭದ್ರವಾಗಿದೆ. ಮುಂದಿನ ವಾರ ಬೆಂಗಳೂರಿಗೆ ಬರುವ ಅವನ ಸ್ನೇಹಿತನ ಕೈಲಿ ಕಳಿಸುತ್ತೇನೆ, ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ನಿನ್ನ ಕೈ ಸೇರುತ್ತೆ. ಕೆಳಗಿನ ಮೆಟ್ಟಿಲಲ್ಲಿ ಶೆಟ್ಟರ ಅಂಗಡಿಯ ಪಕ್ಕ ಇಡು, ಧಾನ್ಯ ಹೆಕ್ಕಲು ಬಂದ ಹಾಗಿರುತ್ತೆ. ಮೊಮ್ಮಗನ ಕೈಗೆ ಮಾತ್ರ ಹಬ್ಬ ಮುಗಿಯುವವರೆಗೆ ಕೊಡಬೇಡ. ಆಮೇಲೆ, ದೊಡ್ಡ ಮಾರ್ಕೆಟ್ಟಿನ ಕಡೆ ಹೋದರೆ ಆ ಹಳೇ ಗೊಂಬೆ ಅಂಗಡಿಯವರ ಮನೆಯವರು ಯಾರಾದರೂ ಇದ್ದಾರಾ ಅಂತ ಭಾವನವರಿಗೆ ಸ್ವಲ್ಪ ವಿಚಾರಿಸಲು ಹೇಳು. ಸರಸ್ವತಿಯನ್ನೂ ಜೊತೆಗೆ ಒಯ್ಯಲಿ. ಆದರೆ ಸ್ಕೂಟರಿನಲ್ಲಿ ಬೇಡ, ಆಟೋದಲ್ಲಿ ಹೋಗಲಿ.

ನಿನ್ನ ತಂಗಿ